ಹವಾದೀಪಕ್ಕೆ ಹಾಕಿದ ಹಿಂಡಿ

ಗಂಡ ಹೇಗಿದ್ದಾನೆ, ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾನೆ ಎಂದು ತಿಳಿಯಲು ಊರ ಹೆಂಗಸರಿಗೆ ನೂರೆಂಟು ದಾರಿಗಳಿರುತ್ತವೆ. ಬಾಲಮಣಿಗೆ ಇದ್ದದ್ದು ಒಂದೇ ದಾರಿ, ಅದು ಹಂದಿಯ ಗೊಬ್ಬರ. ಮೂಗು ಮುಚ್ಚಿಕೊಳ್ಳಬೇಕೆನ್ನುವವರು ಈಗಲೇ ಮುಚ್ಚಿಕೊಳ್ಳಲಿ, ಕತೆಯುದ್ದಕ್ಕೂ ಅದೇ ಇದೆ. ಪ್ರೀತಿಯೆಂದರೆ ಮಲ್ಲಿಗೆ ದಂಡೆಯೂ ಬೆಳದಿಂಗಳೂ ಎಂದುಕೊಂಡವರಿಗೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಜಹೀರಾಬಾದಿನಿಂದ ಮೊಗುಡಂಪಲ್ಲಿಗೆ ಹೋಗುವ ದಾರಿಯಲ್ಲಿ, ಕೆಂಪು ಮಣ್ಣಿನ ದಿಬ್ಬದ ಮೇಲೆ, ದೊಡ್ಡ ರೋಗದವರ, ಎಂದರೆ ಕುಷ್ಠದವರ, ದವಾಖಾನೆಯೊಂದಿತ್ತು. ನಿಜಾಮರ ರಾಜ್ಯ, ಜರ್ಮನಿ ಲಡಾಯಿಯ ಕಾಲ. ದವಾಖಾನೆಯನ್ನು ನಡೆಸುತ್ತಿದ್ದ ಡಾಕ್ಟರಬಾಯಿ ಪುಣೆ ಕಡೆಯವಳು, ಒಬ್ಬಂಟಿ, ಮಾತು ಕಡಿಮೆ, ಕೆಲಸ ಜಾಸ್ತಿ. ಎಡಗಡೆ ಗಂಡಸರ ಸಾಲು, ಬಲಗಡೆ ಹೆಂಗಸರ ಸಾಲು, ನಡುವೆ ಆಳೆತ್ತರಕ್ಕಿಂತ ಎತ್ತರದ ಕಲ್ಲಿನ ಗೋಡೆ. ಗಂಡ ಹೆಂಡತಿ ಇಬ್ಬರೂ ರೋಗಿಗಳಾದರೂ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಇರಬೇಕು. ರೋಗವಿಲ್ಲದ ಗಂಡನಂತೂ ದವಾಖಾನೆಯ ಜಾಗದಲ್ಲಿ ಒಂದು ಹೊತ್ತೂ ತಂಗುವಂತಿಲ್ಲ. ಅಲ್ಲಿ ಕೂಸು ಹುಟ್ಟಬಾರದು ಎಂಬುದು ಡಾಕ್ಟರಬಾಯಿಯ ಕಾನೂನು, ಅದಕ್ಕೆ ಆಕೆಯದೇ ಆದ ಕಾರಣಗಳಿದ್ದವು. ಕಾರಣಗಳು ಸರಿಯಾಗಿದ್ದರೂ ಕಾನೂನು ಕಲ್ಲಿನದೇ.

ಬಾಲಮಣಿಯನ್ನು ಆ ಗೇಟಿನವರೆಗೆ ನಡೆಸಿಕೊಂಡು ಬಂದವನು ಅವಳ ಗಂಡ ಸಾಯಪ್ಪ. ನ್ಯಾಲ್ಕಲ್ ಕಡೆಯ ಒಂದು ಹಳ್ಳಿಯಲ್ಲಿ ಅವರದು ಹಂದಿ ಸಾಕುವ ಮನೆ. ಅವಳ ಕಿವಿ ದಪ್ಪಗಾಗಿ, ಕೆನ್ನೆಯ ಮೇಲೆ ತಾಮ್ರದ ಬಣ್ಣದ ಮಚ್ಚೆ ಎದ್ದಾಗ ಸಾಯಪ್ಪನ ಅಣ್ಣ ಬಕ್ಕಪ್ಪ ಮೊದಲು ಅವಳ ಗಂಗಾಳ ಬೇರೆ ಮಾಡಿದ, ಆಮೇಲೆ ಹಾಸಿಗೆ ಬೇರೆ ಮಾಡಿದ, ಕೊನೆಗೆ ಅವಳನ್ನೇ ಬೇರೆ ಮಾಡಿದ. ಗೇಟಿನಲ್ಲಿ ಸಾಯಪ್ಪ ಸಂತೆಗೆ ಕಳಿಸುವವನ ಹಾಗೆ "ಹೋಗಿ ಬಾ" ಎಂದ. ಅವಳು ತಿರುಗಿ ನೋಡಿದಾಗ ಅವನು ರಸ್ತೆಯ ನಡುವೆ ಕೂತುಬಿಟ್ಟಿದ್ದ.

ಅದಾಗಿ ಒಂದು ಮಳೆಗಾಲ ಕಳೆದಿತ್ತು. ಒಂದು ಸಂಜೆ ಗೋಡೆಯ ಆಚೆಯಿಂದ ಹಂದಿಗಳನ್ನು ಕರೆಯುವ ಕೂಗು ಕೇಳಿತು. ಹಂದಿ ಕರೆಯುವವರೆಲ್ಲ ಹುರ್ರ್ ಎನ್ನುತ್ತಾರೆ. ಸಾಯಪ್ಪ ಮಾತ್ರ ಎರಡು ಸಲ ಹುರ್ರ್ ಎಂದು, ನಡುವೆ ನಾಲಗೆಯನ್ನು ಅಂಗುಳಕ್ಕೆ ಬಡಿದು ಒಂದು ಲೊಚ್ಚು ಹಾಕುತ್ತಿದ್ದ. ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತಿದ್ದ ಬಾಲಮಣಿ ಆ ಲೊಚ್ಚು ಕೇಳಿ ಕೂತಲ್ಲೇ ಕೂತಳು. ಕಣ್ಣೀರು ಬಂದರೆ ರೋಗ ಹೆಚ್ಚಾಯಿತೇ ಎಂದು ಯಾರಾದರೂ ಕೇಳುತ್ತಾರೆಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ತನಗೆ ಹೆಂಡತಿಯೇ ಇಲ್ಲ ಎಂದು ಡಾಕ್ಟರಬಾಯಿಗೆ ಸುಳ್ಳು ಹೇಳಿ ಅವನು ದವಾಖಾನೆಯ ಹಂದಿ ದೊಡ್ಡಿಯ ಕೆಲಸಕ್ಕೆ ಸೇರಿದ್ದ. ನಿಜ ಗೊತ್ತಾದರೆ ಅದೇ ದಿನ ಗೇಟಿನಿಂದ ಹೊರಗೆ. ಅಲ್ಲಿನ ಕಾನೂನು ಬಲ್ಲ ಅವಳಿಗೆ ಇದು ತಾನಾಗಿಯೇ ಹೊಳೆಯಿತು. ಹಾಗಾಗಿ ಅವಳು ಗೋಡೆಯ ಹತ್ತಿರ ಹೋಗಿ ಒಂದು ಸಲವೂ ಅವನ ಹೆಸರು ಹಿಡಿದು ಕೂಗಲಿಲ್ಲ, ಕೆಮ್ಮಲೂ ಇಲ್ಲ.

ಇನ್ನು ದೀಪದ ಮಾತು. ಲಡಾಯಿಯಿಂದಾಗಿ ಚಿಮಣಿ ಎಣ್ಣೆ ಪೇಟೆಯಿಂದ ಮಾಯವಾಗಿತ್ತು. ದವಾಖಾನೆಯಲ್ಲಿ ಸಂಜೆಯಾದರೆ ಹೆಂಗಸರು ಕತ್ತಲಲ್ಲೇ ಉಣ್ಣಬೇಕು, ಕತ್ತಲಲ್ಲೇ ಹುಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಡಾಕ್ಟರಬಾಯಿ ಮುಂಬಯಿಯಲ್ಲಿ ಓದುವಾಗ ಎಲ್ಲೋ ನೋಡಿದ್ದನ್ನು ನೆನಪು ಮಾಡಿಕೊಂಡು, ಹಂದಿ ದೊಡ್ಡಿಯ ಪಕ್ಕದಲ್ಲಿ ಗುಂಡಿ ತೋಡಿಸಿ ಒಳಗೆಲ್ಲ ತಾಂಡೂರಿನ ಚಪ್ಪಡಿ ಹಾಸಿಸಿದಳು. ಗುಂಡಿಯ ಮೇಲೆ ಕಬ್ಬಿಣದ ಪೀಪಾಯಿಯನ್ನು ಬೋರಲು ಹಾಕಿಸಿದಳು. ಹಂದಿಯ ಗೊಬ್ಬರವನ್ನು ನೀರಿನಲ್ಲಿ ಕಲಸಿ ಗುಂಡಿಗೆ ಸುರಿದರೆ ಅದು ಒಳಗೇ ಕೊಳೆತು ಹವಾ ಬಿಡುತ್ತದೆ, ಪೀಪಾಯಿ ಮೇಲೇಳುತ್ತದೆ, ಹವಾ ಕೊಳವೆಯಲ್ಲಿ ಹರಿದು ಹೆಂಗಸರ ಪಡಸಾಲೆಯಲ್ಲಿ ದೀಪವಾಗಿ ಉರಿಯುತ್ತದೆ. ಮೊದಲ ದಿನ ಅದು ಹತ್ತಿಕೊಂಡಾಗ ಪಡಸಾಲೆಯ ಕೀಲಿಕೈ ಇಟ್ಟುಕೊಂಡಿದ್ದ ರುಕ್ಮಿಣಿಬಾಯಿ ದೇವರ ಮುಂದೆ ಮುಗಿಯುವಂತೆ ಕೈಮುಗಿದಳು, ಆಮೇಲೆ ಅದು ಎಲ್ಲಿಂದ ಬಂದದ್ದೆಂದು ನೆನಪಾಗಿ ಕೈ ಕೆಳಗಿಳಿಸಿದಳು.

ಹವಾ ಬಿಟ್ಟು ಸತ್ತ ರಾಡಿ ಗುಂಡಿಯ ಇನ್ನೊಂದು ಬಾಯಿಂದ ಹೊರಬಿದ್ದು, ಗೋಡೆಯ ಕೆಳಗಿನ ಕಾಲುವೆಯಲ್ಲಿ ಹರಿದು ಹೆಂಗಸರ ಕಾಯಿಪಲ್ಲೆ ತೋಟಕ್ಕೆ ಬರುತ್ತಿತ್ತು. ಆ ರಾಡಿಯನ್ನು ಮಡಿಗಳಿಗೆ ತಿರುಗಿಸುವ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ. ಬಾಲಮಣಿ ತಾನೇ ಕೇಳಿ ಪಡೆದಳು. ಹಂದಿಗಳ ನಡುವೆ ಹುಟ್ಟಿ ಬೆಳೆದವಳಿಗೆ ಅದರಲ್ಲಿ ಹೇಸಿಗೆ ಏನಿರುತ್ತದೆ. ಹಂದಿ ಏನು ತಿಂದಿದೆ ಎಂಬುದನ್ನು ಅದು ಹಾಕಿದ್ದನ್ನು ನೋಡಿ ಹೇಳುವುದು ಅವರ ಮನೆಯಲ್ಲಿ ಮಕ್ಕಳಿಗೂ ಗೊತ್ತಿತ್ತು. ತಪ್ಪಿಸಿಕೊಂಡ ಹಂದಿ ಯಾರ ಹೊಲಕ್ಕೆ ನುಗ್ಗಿದೆ ಎಂದು ಅವರು ಹುಡುಕುತ್ತಿದ್ದದ್ದೇ ಹಾಗೆ.

ಮೊದಮೊದಲು ರಾಡಿ ತೆಳ್ಳಗೆ, ಮೆತ್ತಗೆ ಇರುತ್ತಿತ್ತು. ಅಡುಗೆಮನೆಯ ಮುಸುರೆ, ಉಳಿದ ಅಂಬಲಿ, ರೊಟ್ಟಿಯ ಚೂರು ಹಂದಿಗಳಿಗೆ ಸಿಗುತ್ತಿದೆ ಎಂದು ಅವಳಿಗೆ ತಿಳಿಯಿತು. ಆಗ ದೀಪವೂ ಗಟ್ಟಿಯಾಗಿ ಉರಿಯುತ್ತಿತ್ತು. ಬರಬರುತ್ತ ಸರಕಾರ ಲೆವಿ ಎಂದು ರೈತರ ಜೋಳ ಎತ್ತಿಕೊಂಡು ಹೋಗತೊಡಗಿತು. ರೋಗಿಗಳ ತಟ್ಟೆಯಲ್ಲೇ ಏನೂ ಉಳಿಯದ ಮೇಲೆ ಹಂದಿಗೆ ಎಲ್ಲಿಂದ ಉಳಿಯಬೇಕು. ರಾಡಿಯಲ್ಲಿ ತೊಗರಿಯ ಹೊಟ್ಟು ಕಾಣಿಸಿಕೊಂಡಿತು, ಕಂದು ಬಣ್ಣದ ಸಣ್ಣ ಸಣ್ಣ ಸಿಪ್ಪೆ. ಓಹೋ, ತಾಂಡೂರಿನ ಬೇಳೆ ಗಿರಣಿಗಳಿಂದ ಹೊಟ್ಟಿನ ಚೀಲ ತರಿಸುತ್ತಿದ್ದಾನೆ, ಇಳಿಸುವಾಗ ಬೆನ್ನು ಹಿಡಿದುಕೊಂಡಿರಬೇಕು ಎಂದುಕೊಂಡಳು. ಹೊಟ್ಟು ತಿಂದ ಹಂದಿ ರಾಶಿಗಟ್ಟಲೆ ಹಾಕುತ್ತದೆ, ಆದರೆ ಆ ರಾಶಿಯಲ್ಲಿ ಕಸುವಿರುವುದಿಲ್ಲ. ಗುಂಡಿಯ ಮೇಲೆ ಹೊಟ್ಟು ಕೆನೆಕಟ್ಟಿ ಕೂರುತ್ತಿತ್ತು, ದೀಪ ಸಣ್ಣಗಾಯಿತು. ಚಳಿಗಾಲ ಬಂದಾಗ ಹೊಟ್ಟಿನ ನಡುವೆ ಪೇರಲ ಹಣ್ಣಿನ ಬೀಜಗಳು ಬಂದವು. ಕೋಹಿರದ ತೋಟಗಳಲ್ಲಿ ಉದುರಿ ಕೊಳೆತ ಹಣ್ಣುಗಳನ್ನು ಅವನು ಬುಟ್ಟಿ ತುಂಬಿ ಹೊತ್ತು ತರುತ್ತಿದ್ದಾನೆ. ದೀಪ ಮತ್ತೆ ಸ್ವಲ್ಪ ಚೇತರಿಸಿಕೊಂಡಿತು. ಬದನೆ ಮಡಿಯಲ್ಲಿ ಒಂದೆರಡು ಪೇರಲ ಬೀಜ ಮೊಳೆತವು. ಅವನ್ನು ಕಿತ್ತೆಸೆ ಎಂದು ರುಕ್ಮಿಣಿಬಾಯಿ ಹೇಳಿದರೂ ಬಾಲಮಣಿ ಕೀಳಲಿಲ್ಲ.

ಅವನು ಅವಳಿಗಾಗಿ ಇದನ್ನೆಲ್ಲ ಬರೆದು ಕಳಿಸುತ್ತಿದ್ದನೆಂದು ತಿಳಿಯಬೇಡಿ. ಆ ಪುಣ್ಯಾತ್ಮನಿಗೆ ರಾಡಿ ಎಲ್ಲಿಗೆ ಹೋಗುತ್ತದೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಅವನು ಹಂದಿ ಮೇಯಿಸುತ್ತಿದ್ದ, ಅವಳು ಓದಿಕೊಳ್ಳುತ್ತಿದ್ದಳು. ಅದೂ ಹಳೆಯ ಸುದ್ದಿ. ಇವತ್ತು ಆ ಕಡೆ ಸುರಿದದ್ದು ಗುಂಡಿಯೊಳಗೆ ಕೊಳೆತು ಈ ಕಡೆ ಬರಲು ಹೆಚ್ಚುಕಡಿಮೆ ತಿಂಗಳು ಹಿಡಿಯುತ್ತಿತ್ತು. ತಿಂಗಳ ಹಿಂದೆ ಅವನು ಕೋಹಿರಕ್ಕೆ ಹೋಗಿದ್ದ ಎಂದು ಈಗ ತಿಳಿದು, ಈಗ ಎಲ್ಲಿದ್ದಾನೋ ಎಂದು ಅವಳು ಕಾಲುವೆಯ ಪಕ್ಕ ಕೂತು ಯೋಚಿಸುತ್ತಿದ್ದಳು. ಮೈಯಲ್ಲಿ ರೋಗಕ್ಕೆಂದು ಚುಚ್ಚುವ ಎಣ್ಣೆಸೂಜಿಯ ಉರಿ, ಎದೆಯಲ್ಲಿ ಈ ಉರಿ. ಯಾವುದು ಹೆಚ್ಚೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರಬಾಯಿ ಅವಳ ಕಿವಿಯ ಚರ್ಮ ಕೆರೆದು ಗಾಜಿಗೆ ಸವರಿ ನೋಡಿದಳು. ಹಿಂದಿನ ಸಲವೂ ರೋಗದ ಹುಳು ಕಂಡಿರಲಿಲ್ಲ, ಈ ಸಲವೂ ಕಾಣಲಿಲ್ಲ.

"ಯುಗಾದಿ ಸುಮಾರಿಗೆ ಇನ್ನೊಮ್ಮೆ ನೋಡುತ್ತೇನೆ" ಎಂದಳು ಡಾಕ್ಟರಬಾಯಿ. "ಆಗಲೂ ಹೀಗೇ ಇದ್ದರೆ ನೀನು ಮನೆಗೆ ಹೋಗಬಹುದು. ಕರೆದುಕೊಂಡು ಹೋಗುವವರಿದ್ದಾರೇನು?"

"ಅದಾರ್ರಿ" ಎಂದಳು ಬಾಲಮಣಿ. ಯಾರು ಎಂದು ಆಕೆ ಕೇಳಲಿಲ್ಲ, ಇವಳು ಹೇಳಲಿಲ್ಲ. ಆ ದಿನ ಅವಳು ಉಂಡದ್ದು ಏನೆಂದು ಅವಳಿಗೆ ನೆನಪಿಲ್ಲ. ಯುಗಾದಿಯ ದಿನ ಗೇಟಿನ ಹೊರಗೆ ನಿಂತು, ಲೊಚ್ಚು ಹಾಕಿ ಅವನನ್ನು ತಾನೇ ಕರೆಯಬೇಕು, ಹಂದಿಯಂತೆ ಓಡಿ ಬರುತ್ತಾನೆ ಎಂದುಕೊಂಡು ಒಬ್ಬಳೇ ನಕ್ಕಳು.

ಆ ನಗು ಬಹಳ ದಿನ ಬಾಳಲಿಲ್ಲ. ಹುಣ್ಣಿಮೆಯ ಹೊತ್ತಿಗೆ ಹೊಸ ರೋಗಿಯೊಬ್ಬಳು ಬಂದಳು, ಲಚ್ಚಮ್ಮ ಎಂದು, ನ್ಯಾಲ್ಕಲ್ ಕಡೆಯ ವಯಸ್ಸಾದ ಹೆಂಗಸು. ಬಾಲಮಣಿಯ ಗಂಡನ ಊರು ಅವಳಿಗೆ ಗೊತ್ತು, ಅವರ ಮಂದಿಯೂ ಗೊತ್ತು. ಮೊದಲ ದಿನವೇ ಹತ್ತಿರ ಕೂರಿಸಿಕೊಂಡು ಹೇಳಿದಳು.

"ಯವ್ವಾ, ನಿನಗ ಹೇಳಬೇಕೋ ಬ್ಯಾಡೋ. ನಿಮ್ಮ ಭಾವ ಬಕ್ಕಪ್ಪ ಪಂಚರನ್ನ ಕೂಡಿಸಿದ್ದ. ತಮ್ಮನ ಹೇಣ್ತಿ ಇನ್ನ ಬರಂಗಿಲ್ಲ, ಯುಗಾದಿ ಒಳಗ ಅವಂಗ ಉಡಕಿ ಮಾಡಬೇಕಂತ ಮಾತಾಗ್ಯದ. ನಾರಾಯಣಖೇಡದ ಕಡಿ ಹೆಣ್ಣು ನೋಡ್ಯಾರಂತ."

"ಆತ ಏನಂದಾನ?" ಎಂದು ಕೇಳಿದಳು ಬಾಲಮಣಿ.

"ಆತ ಎಲ್ಲದಾನಂತ ಊರಾಗ ಯಾರಿಗಿ ಗೊತ್ತದ, ಯವ್ವಾ? ಬಕ್ಕಪ್ಪನೇ ಹೋಗಿ ಹುಡುಕಿ ಹೇಳತೀನಿ ಅಂದಾನಂತ."

ಉಡಕಿ ಎಂದರೆ ಎರಡನೆಯ ಸೀರೆ ಉಡಿಸಿ ಮಾಡಿಕೊಳ್ಳುವ ಮದುವೆ. ಅವರ ಮಂದಿಯಲ್ಲಿ ಅದಕ್ಕೆ ತಪ್ಪಿಲ್ಲ, ಗಂಡ ಸತ್ತವರಿಗೂ ಹೆಂಡತಿ ಬಿಟ್ಟವರಿಗೂ ಪಂಚರ ಒಪ್ಪಿಗೆ ಇದ್ದರೆ ಸಾಕು. ತನ್ನ ಗಂಡ ಒಪ್ಪಲಾರ ಎಂದು ಬಾಲಮಣಿ ಲಚ್ಚಮ್ಮನಿಗೂ ಹೇಳಿದಳು, ತನಗೂ ಹೇಳಿಕೊಂಡಳು. ಲಚ್ಚಮ್ಮನಿಗೆ ಹೇಳುವುದು ಸುಲಭವಾಗಿತ್ತು. ಅಂದಿನಿಂದ ರಾಡಿಯನ್ನು ಅವಳು ಇನ್ನೂ ಬಗ್ಗಿ ನೋಡತೊಡಗಿದಳು.

ಪೇರಲದ ಕಾಲ ಮುಗಿದಿತ್ತು. ಮತ್ತೆ ಅದೇ ಹೊಟ್ಟು, ಮತ್ತೆ ಅದೇ ಸೊರಗಿದ ದೀಪ. ಹೀಗಿರುವಾಗ ಒಂದು ಸಂಜೆ ದೀಪ ಇದ್ದಕ್ಕಿದ್ದಂತೆ ಜೋರಾಯಿತು. ಪಡಸಾಲೆಯ ಮೂಲೆಮೂಲೆಗೂ ಬೆಳಕು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಎಷ್ಟು ದಿನದ ಮೇಲೆ ಕಂಡಿಯಲ್ಲ ಎಂದು ಚೇಷ್ಟೆ ಮಾಡಿಕೊಂಡರು. ಕೆಲವು ದಿನ ಹಾಗೇ ಉರಿಯಿತು. ಆಮೇಲೆ ಉರಿ ನಡುಗತೊಡಗಿತು, ಪಟಪಟ ಎಂದಿತು, ಒಂದು ಸಂಜೆ ರುಕ್ಮಿಣಿಬಾಯಿ ಎಷ್ಟು ಕಡ್ಡಿ ಗೀರಿದರೂ ಹತ್ತಲೇ ಇಲ್ಲ. ಅದೇ ವಾರ ಕಾಲುವೆಯಲ್ಲಿ ಬಂದ ರಾಡಿ ಕಪ್ಪಗೆ, ಜಿಡ್ಡುಜಿಡ್ಡಾಗಿತ್ತು. ನವಸಾಗರದಂಥ ಘಾಟು ಮೂಗಿಗೆ ಹೊಡೆದು ಬಾಲಮಣಿಯ ಕಣ್ಣಲ್ಲಿ ನೀರು ಬಂತು. ಬೆರಳಿನಿಂದ ರಾಡಿ ಸವರಿ ನೋಡಿದಳು. ಶೇಂಗಾದ ಕೆಂಪು ಸಿಪ್ಪೆ.

ಶೇಂಗಾ ಹಿಂಡಿ. ಹಂದಿಗೆ ಹಿಂಡಿ.

ಇದು ಎಂಥ ಮಾತೆಂದು ಹಂದಿ ಸಾಕದವರಿಗೆ ತಿಳಿಯುವುದಿಲ್ಲ. ಅವರ ಮಂದಿಯಲ್ಲಿ ಹಂದಿ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಳ್ಳುತ್ತದೆ, ಅದಕ್ಕೆ ಕೊಂಡು ತಂದು ತಿನ್ನಿಸುವ ಹುಚ್ಚ ಇಲ್ಲ. ಒಂದೇ ಒಂದು ಹೊತ್ತಿನಲ್ಲಿ ಮಾತ್ರ ತಿನ್ನಿಸುತ್ತಾರೆ. ಮನೆಯಲ್ಲಿ ಮದುವೆ ಗೊತ್ತಾದಾಗ ಒಂದು ಹಂದಿಯನ್ನು ಬೇರೆ ಕಟ್ಟಿ, ಹಿಂಡಿ ಹಾಕಿ ಕೊಬ್ಬಿಸಿ, ಮದುವೆಯ ದಿನ ನೆಂಟರಿಗೆ ಉಣಬಡಿಸುತ್ತಾರೆ. ಯಾರಾದರೂ ಹಿಂಡಿಯ ಚೀಲ ಹೊತ್ತು ಓಣಿಯಲ್ಲಿ ಬಂದರೆ, ಚೀಲದಲ್ಲೇನು ಎಂದು ಯಾರೂ ಕೇಳುವುದಿಲ್ಲ, ಹೆಣ್ಣು ಯಾವ ಊರದು ಎಂದು ಕೇಳುತ್ತಾರೆ. ಬಾಲಮಣಿಯ ಮದುವೆಗೂ ಸಾಯಪ್ಪ ಹಾಗೇ ಹಿಂಡಿ ಹೊತ್ತಿದ್ದ.

ಮಡಿಯ ಬದುವಿನ ಮೇಲೆ ಕೂತು ಅವಳು ಲೆಕ್ಕ ಹಾಕಿದಳು. ಈ ರಾಡಿ ತಿಂಗಳ ಹಿಂದಿನದು. ದೊಡ್ಡಿಯಲ್ಲೇ ತನ್ನದೊಂದು ಹಂದಿ ಕಟ್ಟಿ ಹಿಂಡಿ ಹಾಕಲು ಶುರುಮಾಡಿದ್ದು ಆಗಲೇ. ಅಂದರೆ ಇಷ್ಟರಲ್ಲಿ ಹಂದಿ ಕೊಬ್ಬಿದೆ, ಕೊಯ್ದಿದ್ದಾರೆ, ಉಂಡಿದ್ದಾರೆ. ನಾರಾಯಣಖೇಡದ ಹುಡುಗಿ ಆ ಮನೆಯ ಒಲೆ ಹಚ್ಚುತ್ತಿದ್ದಾಳೆ. ದೀಪವನ್ನು ನೋಡಿಕೊಳ್ಳಬೇಕಾದವನಿಗೆ ಈಗ ದೀಪ ಆರಿದರೇನು, ಉರಿದರೇನು. ಎಲ್ಲ ಕೂಡಿಬಂತು, ಒಂದು ಎಳೆಯೂ ಹೊರಗುಳಿಯಲಿಲ್ಲ. ಆ ಸಂಜೆಯೂ ಗೋಡೆಯ ಆಚೆಯಿಂದ ಕೂಗು ಬಂತು, ಎರಡು ಹುರ್ರ್, ನಡುವೆ ಲೊಚ್ಚು. ಕೂಗು ಅದೇ, ಕೂಗುವವನು ಇನ್ನೊಬ್ಬಳ ಗಂಡ. ಬಾಲಮಣಿ ಮೊದಲ ಸಲ ಕಿವಿ ಮುಚ್ಚಿಕೊಂಡಳು.

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಹಳ ಬಂತು. ಆದರೆ ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಅವನಿಗೆ ಬಿಸಿ ರೊಟ್ಟಿಯ ಮೇಲೆ ಹಸಿ ಖಾರ ಸವರಿ ಕೊಡಬೇಕು, ತಣ್ಣಗಾದರೆ ಮುಟ್ಟುವುದಿಲ್ಲ, ಅದನ್ನು ಆ ಹುಡುಗಿಗೆ ಯಾರು ಹೇಳಿಕೊಡುತ್ತಾರೆ ಎಂಬ ಚಿಂತೆ. ಇಂಥ ಚಿಂತೆ ಮಾಡುವ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಯುಗಾದಿಗೆ ಸ್ವಲ್ಪ ಮೊದಲೇ ಡಾಕ್ಟರಬಾಯಿ ಮತ್ತೆ ಕಿವಿ ಕೆರೆದಳು, ಗಾಜಿನ ಮೇಲೆ ಬಗ್ಗಿ ನೋಡಿದಳು, ತಲೆ ಎತ್ತಿ ನಕ್ಕಳು. ಆಕೆ ನಗುವುದು ಅಪರೂಪ.

"ನಿನಗೆ ಬಿಡುಗಡೆ. ಯಾರಿಗೆ ಹೇಳಿ ಕಳಿಸಲಿ?"

"ಯಾರಿಲ್ರಿ."

"ಹೋದ ಸಲ ಇದ್ದಾರೆ ಅಂದಿದ್ದೆ."

"ಇದ್ರುರಿ. ಈಗ ಇಲ್ಲ" ಎಂದಳು ಬಾಲಮಣಿ. "ನಾ ಇಲ್ಲೇ ಇರತೀನ್ರಿ. ಹೊಲಸು ತೆಗಿಯೋದು, ಪಟ್ಟಿ ಕಟ್ಟೋದು, ಏನ ಹೇಳಿದ್ರೂ ಮಾಡತೀನಿ. ಹೊರಗ ಮಾತ್ರ ಹಾಕಬ್ಯಾಡ್ರಿ."

ಮನೆಯಿಲ್ಲದೆ ಅಲ್ಲೇ ಉಳಿದ ಹೆಂಗಸರು ಎಷ್ಟೋ ಮಂದಿ, ಡಾಕ್ಟರಬಾಯಿಗೆ ಇದು ಹೊಸದಲ್ಲ.  ಕೃಷ್ಣಾ ನದಿಯ ಆಚೆಗಿನ ಒಂದು ದೊಡ್ಡ ದವಾಖಾನೆಯಿಂದ ಪಟ್ಟಿ ಕಟ್ಟುವವರು ಬೇಕೆಂದು ಕೇಳಿದ್ದಾರೆ, ದೂರದ ಊರು, ಹೋದರೆ ಮತ್ತೆ ಈ ಕಡೆ ಬರುವುದು ಕಷ್ಟ, ಹೋಗುತ್ತೀಯಾ ಎಂದು ಕೇಳಿದಳು. ದೂರ ಎಂಬ ಮಾತು ಬಾಲಮಣಿಗೆ ಹಿತವಾಗಿ ಕೇಳಿಸಿತು. ಅಲ್ಲಿಯವರೆಗೆ ಆ ಕೂಗು ಬರುವುದಿಲ್ಲ. ಹೋಗುತ್ತೇನೆ ಎಂದಳು. ಮರುದಿನ ಜಹೀರಾಬಾದಿನಿಂದ ರೈಲು ಎಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಬಾಲಮಣಿ ಗಂಟು ಕಟ್ಟಿಕೊಂಡು ಪಡಸಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಲಚ್ಚಮ್ಮ ಪಕ್ಕದಲ್ಲಿ ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಇನ್ನೂ ಗಾಡಿ ಬಂದಿರಲಿಲ್ಲ. ಡಾಕ್ಟರಬಾಯಿ ಹೆಂಗಸರ ಬಾಗಿಲು ತೆರೆಸಿ ಒಳಗೆ ಬಂದಳು, ಹಿಂದೆ ಒಬ್ಬ ಗಂಡಸನ್ನು ಕರೆದುಕೊಂಡು. ದೀಪ ಯಾಕೆ ಆರಿತೆಂದು ನೋಡಲೇಬೇಕಾಗಿತ್ತು. ಕೊಳವೆ ಕಟ್ಟಿದೆಯೋ, ಗುಂಡಿಯೇ ಕೆಟ್ಟಿದೆಯೋ ತಿಳಿಯದೆ ಆಕೆ ಹಂದಿಯವನನ್ನೇ ಒಳಗೆ ಕರೆಸಿದ್ದಳು. ಗಂಡಸೊಬ್ಬ ಗೋಡೆ ದಾಟಿ ಬಂದದ್ದು ನೋಡಿ ಹೆಂಗಸರೆಲ್ಲ ಸೆರಗು ಎಳೆದುಕೊಂಡರು. ಬಾಲಮಣಿಯೂ ಎಳೆದುಕೊಂಡಳು, ಗದ್ದದವರೆಗೆ.

ಸೆರಗಿನ ಕೆಳಗಿನಿಂದ ಅವಳಿಗೆ ಅವನ ಪಾದಗಳು ಕಂಡವು. ಒಡೆದ ಹಿಮ್ಮಡಿ, ಕೆಂಪು ಮಣ್ಣು. ಮೀನಖಂಡ ಎಷ್ಟು ಸಣ್ಣಗಾಗಿದೆ. ಹೊಸ ಮದುಮಗನ ಕಾಲು ಹೀಗಿರುತ್ತದೆಯೇ ಎಂದು ಅವಳ ಮನಸ್ಸು ಕೇಳಿತು, ಅವಳು ಅದನ್ನು ಸುಮ್ಮನಿರಿಸಿದಳು.

ಡಾಕ್ಟರಬಾಯಿ ದೀಪದ ತಿರುಪು ಬಿಚ್ಚಿ ಮೂಸಿ ನೋಡಿದಳು.

"ಕೊಳವೆ ಸರಿಯಾಗಿದೆ. ಗುಂಡಿ ಕೆಟ್ಟಿದೆ. ಹಂದಿಗೆ ಏನು ಹಾಕಿದೆ, ಸಾಯಪ್ಪ?"

"ಹಿಂಡಿ ಹಾಕಿದ್ದೆರಿ."

"ಎಷ್ಟು ಹಂದಿಗೆ?"

"ಎಲ್ಲಾಕ್ಕೂ ಹಾಕಿದ್ದೆರಿ."

ಸೆರಗಿನೊಳಗೆ ಬಾಲಮಣಿ ತಲೆ ಎತ್ತಿದಳು. ಮದುವೆಗೆ ಒಂದು ಹಂದಿಯನ್ನು ಕಟ್ಟುತ್ತಾರೆ, ದೊಡ್ಡಿಯನ್ನೆಲ್ಲ ಅಲ್ಲ.

"ಹಿಂಡಿ ನಾನು ಕೊಡಿಸಿಲ್ಲವಲ್ಲ. ಎಲ್ಲಿಂದ ತಂದೆ?"

"ನನ್ನ ಪಾಲಿನ ಜೋಳ ಕೊಟ್ಟು ಗಾಣದವರ ಹತ್ರ ತಗೊಂಡೆರಿ."

"ನೀನು ಏನು ತಿಂದೆ ಹಾಗಾದರೆ?"

ಸಾಯಪ್ಪ ದೀಪದ ಕಡೆ ಕೈ ತೋರಿಸಿದ. "ಎಮ್ಮಿಗಿ ಹಿಂಡಿ ಹಾಕಿದ್ರ ಹಾಲು ಗಟ್ಟಿ ಆಗ್ತದಲ್ರಿ" ಎಂದ. "ಹಂದಿಗಿ ಹಾಕಿದ್ರ ಹವಾ ಗಟ್ಟಿ ಆಗ್ತದ, ದೀಪ ಜೋರ ಆಗ್ತದಂತ ತಿಳದಿದ್ದೆ. ಮೊದಲ ಜೋರ ಆತ್ರಿ. ಆಮ್ಯಾಲ ಹಿಂಗಾತು. ನಂದೇ ತಪ್ಪು."

ಡಾಕ್ಟರಬಾಯಿ ಬೈಯಲಿಲ್ಲ, ಬಿಡಿಸಿ ಹೇಳಿದಳು. ಹಿಂಡಿಯ ಸತ್ವವನ್ನೆಲ್ಲ ಹಂದಿ ಅರಗಿಸಿಕೊಳ್ಳಲಾರದು, ಮಿಕ್ಕಿದ್ದು ಉಚ್ಚೆಯಲ್ಲೂ ಗೊಬ್ಬರದಲ್ಲೂ ಗುಂಡಿಗೆ ಬೀಳುತ್ತದೆ. ಗುಂಡಿಯಲ್ಲಿ ಕಣ್ಣಿಗೆ ಕಾಣದ ಹುಳುಗಳಿವೆ, ಹವಾ ಮಾಡುವವು ಅವೇ. ಆ ಘಾಟಿಗೆ ಅವು ಸತ್ತವು. ಬರೀ ಹೊಟ್ಟು ಹಾಕಿದರೆ ಅವುಗಳಿಗೆ ಉಪವಾಸ, ಬರೀ ಹಿಂಡಿ ಹಾಕಿದರೆ ವಿಷ. ಅರ್ಧ ಗುಂಡಿ ಖಾಲಿ ಮಾಡಿ, ನೀರು ಬಿಟ್ಟು, ಎಮ್ಮೆಯ ಸಗಣಿ ಹಾಕಿ ಕಾಯಬೇಕು. ಆಕೆಗೂ ಇದು ಈಗಷ್ಟೇ ಹೊಳೆದಂತಿತ್ತು. ಆಮೇಲೆ ಏನೋ ನೆನಪಾದವಳಂತೆ ತಿರುಗಿ ಕೇಳಿದಳು.

"ದೀಪ ಇರುವುದು ಹೆಂಗಸರ ಪಡಸಾಲೆಯಲ್ಲಿ. ನೀನು ಮಲಗುವುದು ಹಂದಿ ದೊಡ್ಡಿಯ ಕತ್ತಲಲ್ಲಿ. ಅದು ಜೋರಾದರೆ ನಿನಗೇನು?"

 ಸುಳ್ಳು ಹೇಳಲು ಸಾಯಪ್ಪನಿಗೆ ಬರುತ್ತಿತ್ತು, ಒಮ್ಮೆ ಹೇಳಿಯೇ ಇಲ್ಲಿ ಸೇರಿದ್ದ. ಹಸಿದವನ ಬಾಯಲ್ಲಿ ಸುಳ್ಳಿಗೂ ಕಸುವಿರಲಿಲ್ಲವೋ ಏನೋ.

"ಈ ಕಡಿ ಒಬ್ಬಾಕಿ ಅದಾಳ್ರಿ" ಎಂದ. "ಆಕಿಗಿ ಕತ್ತಲಿ ಆಗಂಗಿಲ್ಲ. ದೀಪ ಸಣ್ಣದಾದಾಗೊಮ್ಮೆ ಅಂಜತಾಳೇನೋ ಅನಸ್ತಿತ್ತು. ಕೆಲಸದಿಂದ ತೆಗೀರಿ, ಬ್ಯಾಡ ಅನ್ನಂಗಿಲ್ಲ. ಅದೊಂದು ದೀಪ ಹಚ್ಚಿ ಕೊಟ್ಟು ಹೋಗತೀನಿ."

"ಯಾರು ಆಕೆ?"

 ಹೆಸರು ಹೇಳಿದರೆ ಅವಳಿಗೇನಾದರೂ ತೊಂದರೆಯಾದೀತೆಂದು ಸಾಯಪ್ಪ ಹಲ್ಲು ಕಚ್ಚಿ ನಿಂತ.  ಲಚ್ಚಮ್ಮ ಬಾಲಮಣಿಯ ಬೆನ್ನಿಗೆ ಕೈ ಇಟ್ಟು ಮೆಲ್ಲಗೆ ದಬ್ಬಿದಳು. ಅದರ ಅಗತ್ಯವಿರಲಿಲ್ಲ, ಬಾಲಮಣಿ ಆಗಲೇ ಎದ್ದಿದ್ದಳು. ಸೆರಗು ಹಿಂದಕ್ಕೆ ಬಿತ್ತು, ದಪ್ಪಗಾದ ಕಿವಿಯೂ ಮಾಸಿದ ಮಚ್ಚೆಯೂ ಬೆಳಕಿಗೆ ಬಂದವು. ಅವಳು ಡಾಕ್ಟರಬಾಯಿಯ ಕಡೆ ನೋಡಲೇ ಇಲ್ಲ.

"ಉಡಕಿ ಆಗ್ಯದಂತಲ್ಲ ನಿಂದು" ಎಂದಳು.

ಸಾಯಪ್ಪ ತಬ್ಬಿಬ್ಬಾದ. "ಯಾರದು?"

"ಹಿಂಡಿ ಹಾಕೀದಿ. ರಾಡಿ ನೋಡೀನಿ. ಮದುವಿ ಹಂದಿಗಿ ಹಾಕೀದಿ ಅಂತ ತಿಳದಿದ್ದೆ."

"ಅಣ್ಣ ಬಂದಿದ್ದ, ಖರೆ" ಎಂದ ಸಾಯಪ್ಪ. "ಹೆಣ್ಣು ಅಷ್ಟು ಚಲೋ ಇದ್ರ ನೀನೇ ಮಾಡ್ಕೋ ಅಂತ ಹೇಳಿ ಕಳಿಸೀನಿ. ಸಿಟ್ಟಾಗಿ ಹೋಗ್ಯಾನ." ಅಷ್ಟರಲ್ಲಿ ಮೆಟ್ಟಿಲ ಮೇಲಿನ ಗಂಟು ಅವನ ಕಣ್ಣಿಗೆ ಬಿತ್ತು. "ಎಲ್ಲಿಗಿ ಹೊಂಟಿದಿ?"

 ಡಾಕ್ಟರಬಾಯಿ ಇಬ್ಬರನ್ನೂ ಸರದಿಯ ಮೇಲೆ ನೋಡಿದಳು. ಒಬ್ಬ ಹೆಂಡತಿಯಿಲ್ಲ ಎಂದು ಹೇಳಿ ಒಳಗೆ ಬಂದವನು, ಒಬ್ಬಳು ಯಾರೂ ಇಲ್ಲ ಎಂದು ಹೇಳಿ ಹೊರಡುವವಳು. ಆಕೆಯ ಕಾನೂನಿನ ಪ್ರಕಾರ ಗಂಡಸು ಆ ಗಳಿಗೆಯೇ ಗೇಟು ದಾಟಬೇಕು. ಆಕೆ ಅದನ್ನೇ ಹೇಳಿದಳು. "ಗುಂಡಿಯನ್ನು ಬೇರೆಯವರಿಂದ ತೆಗೆಸುತ್ತೇನೆ. ನೀನು ಈಗಲೇ ಹೊರಡಬೇಕು, ಸಾಯಪ್ಪ." ಆಮೇಲೆ ರುಕ್ಮಿಣಿಬಾಯಿಯ ಕಡೆ ತಿರುಗಿ, ಬಾಲಮಣಿಗೆ ನಿನ್ನೆಯೇ ಬಿಡುಗಡೆಯಾಗಿದೆ, ರೈಲಿನ ಗಾಡಿ ಬಂದರೆ ಬೇಡವೆಂದು ಹೇಳಿ ಕಳಿಸು ಎಂದಳು. ಹೇಳಿ ಅಲ್ಲಿ ನಿಲ್ಲದೆ ನಡೆದುಬಿಟ್ಟಳು.

ಸಾಯಪ್ಪ ಅವಳ ಗಂಟನ್ನು ಒಂದು ಕ್ಷಣ ನೋಡಿ ಎತ್ತಿ ಹೆಗಲಿಗೇರಿಸಿಕೊಂಡ. ಇನ್ನೊಂದು ಕೈಯಿಂದ ಅವಳ ಕೈ ಹಿಡಿದ. ಎಷ್ಟೋ ಕಾಲದಿಂದ ಆ ಹಿಡಿತವನ್ನೇ ನೆನೆದು ನೆನೆದು ಸವೆಸಿದ್ದ ಬಾಲಮಣಿ ಕೆಳಗೆ ನೋಡಿದಳು. ಅವನ ಬೆರಳು ಅವಳ ಬೆರಳುಗಳನ್ನು ಸುತ್ತಿಕೊಂಡಿರುವುದು ಕಣ್ಣಿಗೆ ಕಾಣುತ್ತಿತ್ತು. ಕೈಗೆ ಮಾತ್ರ ಏನೂ ಗೊತ್ತಾಗಲಿಲ್ಲ, ಬಿಸಿಯೂ ಇಲ್ಲ, ಒರಟೂ ಇಲ್ಲ. ಬೆರಳು ಮಣಿಕಟ್ಟುಗಳ ಅರಿವನ್ನು ರೋಗ ತಿಂದುಹಾಕಿತ್ತು. ಅವನಿಗೆ ಅದು ಗೊತ್ತಿರಲಿಲ್ಲ, ಬಿಗಿಯಾಗಿ ಹಿಡಿದೇ ಇದ್ದ.

ಅವಳು ಅವನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಅವನ ಮುಖ ಬಾಡಿತು.

"ಅಲ್ಲಿ ಗೊತ್ತಾಗಂಗಿಲ್ಲ" ಎಂದಳು ಬಾಲಮಣಿ. ಅವನ ಅಂಗೈಯನ್ನು ತನ್ನ ತೋಳಿನ ಮೇಲೆ ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಸಿದಳು. ಮೊಣಕೈ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿದಳು. "ಇಲ್ಲಿ ಹಿಡಿ."